ರಬ್ಬರ್ ಹಗ್ಗ ಒಂದೇ ಕಾರಣ ಅಲ್ಲ

ಬಾಲದಲ್ಲಿ ಚಕ್ರವಿರುವ ಪುಟ್ಟ ವಿಮಾನ ಪೈಪರ್ ಕಬ್ ಜೋರಾಗಿ ಇಳಿದರೆ ಮತ್ತೆ ಮೇಲೇಳುವುದು ಲ್ಯಾಂಡಿಂಗ್ ಗೇರಿನಲ್ಲಿ (ಚಕ್ರ ಹೊರುವ ಕಾಲುಗಳಲ್ಲಿ) ಏಟು ತಡೆಯಲು ಸುತ್ತಿರುವ ರಬ್ಬರ್ ಹಗ್ಗದಿಂದಲಾ ಅಂತ ಕೇಳಿದ್ದೀರಿ. ಅದರ ಪಾಲೂ ಇದೆ ಮಾರಾಯ್ರೆ, ಆದರೆ ಅಷ್ಟೇ ಅಲ್ಲ. ನೀವು ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ನೋಡುವ ಜೆಟ್‌ಗಳ ಭಾರ ಮುಖ್ಯ ಚಕ್ರಗಳಿಗಿಂತ ಮುಂದಿರುತ್ತದೆ; ಚಕ್ರ ತಾಗಿದ ಮೇಲೆ ಮೂತಿ ಕೆಳಗೆ ಬರುತ್ತದೆ. ಕಬ್‌ನಲ್ಲಿ ಭಾರ ಹಿಂದೆ. ಮುಂದಿನ ಚಕ್ರಗಳು ಮೊದಲು ನೆಲಕ್ಕೆ ಬಡಿದರೆ ಬಾಲ ಇಳಿಯುತ್ತಲೇ ಇರುತ್ತದೆ, ಮೂತಿ ಏಳುತ್ತದೆ. ರೆಕ್ಕೆ ಗಾಳಿಗೆ ಇನ್ನಷ್ಟು ಓರೆಯಾಗಿ ವಿಮಾನವನ್ನು ಎತ್ತಿಬಿಡುತ್ತದೆ. ವೇಗ ಉಳಿದಿದ್ದರಂತೂ ಕೇಳುವುದೇ ಬೇಡ.

ಆದರೆ ವಿಮಾನ ಮುರಿಯುವುದು ಹೆಚ್ಚಾಗಿ ಎರಡನೇ ಏಟಿಗೆ. ಗಾಬರಿಯಲ್ಲಿ ಸ್ಟಿಕ್ (ಮೂತಿ ಏರಿಸಿ ಇಳಿಸುವ ಹಿಡಿಕೆ) ಮುಂದೆ ತಳ್ಳಿದರೆ ಮೂತಿ ಕೆಳಗಾಗಿ ಪ್ರೊಪೆಲ್ಲರ್ ನೆಲಕ್ಕೆ ತಾಗಬಹುದು. ದೊಡ್ಡದಾಗಿ ಪುಟಿದರೆ ಸುಮ್ನೆ ಹಟ ಬೇಡ, ಪೂರ್ತಿ ಥ್ರಾಟಲ್ (ಎಂಜಿನ್ ಶಕ್ತಿ) ಕೊಟ್ಟು ಮತ್ತೆ ಮೇಲೇರಿ ಇನ್ನೊಂದು ಸುತ್ತು ಬರಬೇಕು.