ಇಬ್ಬರ ಬಾಯಲ್ಲೂ ಚಿನ್ನವೇ

ಪ್ರಶ್ನೆ: ಮಗಳಿಗೆ ಎರಡು ತಿಂಗಳು. ಮುಂದಿನ ವಾರ ನಾಮಕರಣ. ನಾನು ‘ಹಿರಣ್ಮಯಿ’ ಅಂತ ಆರಿಸಿಟ್ಟಿದ್ದೇನೆ. ನನ್ನ ಅತ್ತೆ, ತೀರಿಹೋದ ತಮ್ಮ ಅತ್ತೆಯ ಹೆಸರು ‘ಹೊನ್ನಮ್ಮ’ ಇಡಲೇಬೇಕು ಅಂತ ಹಟ ಹಿಡಿದಿದ್ದಾರೆ. ಸ್ಕೂಲಲ್ಲಿ ಮಗುವನ್ನು ಆಡಿಕೊಳ್ಳಲ್ವಾ? ಗಂಡ ಬಾಯಿ ಬಿಡುತ್ತಿಲ್ಲ.

ಉತ್ತರ: ಬೇಜಾರು ಮಾಡ್ಕೋಬೇಡಿ, ನಿಮ್ಮ ಪತ್ರ ಓದಿ ನಗು ಬಂತು. ಹಿರಣ್ಯ ಅಂದರೆ ಸಂಸ್ಕೃತದಲ್ಲಿ ಚಿನ್ನ. ಹೊನ್ನು ಅಂದರೆ ಕನ್ನಡದಲ್ಲಿ ಚಿನ್ನ. ಅತ್ತೆ-ಸೊಸೆ ಇಬ್ಬರೂ ಒಂದೇ ಹೆಸರಿಗೆ ಕಿತ್ತಾಡುತ್ತಿದ್ದೀರಿ!

ಹಳಗನ್ನಡದಲ್ಲಿ ಅದು ‘ಪೊನ್’. ಪಾಲು ಹಾಲಾದ ಹಾಗೆ, ಪೂವು ಹೂವಾದ ಹಾಗೆ, ಪೊನ್ನು ಹೊನ್ನಾಯಿತು. ಕೊಡಗಿನಲ್ಲಿ ಈಗಲೂ ಪೊನ್ನಮ್ಮಂದಿರಿದ್ದಾರೆ. ಯುಗಾದಿಯ ಮೊದಲ ಉಳುಮೆಗೆ ರೈತರು ಹೊನ್ನಾರು ಅನ್ನುತ್ತಾರಲ್ಲ, ಅದೇ ಹೊನ್ನು. ಇನ್ನು ‘ಅಮ್ಮ’ ಸೇರಿದರೆ ಮಗು ಮುದುಕಿ ಆಗಲ್ಲ. ‘ಬಾಮ್ಮ, ಊಟ ಮಾಡಮ್ಮ’ ಅಂತ ನಾಳೆ ನೀವೇ ಕರೆಯುತ್ತೀರಿ, ನೋಡಿ.

ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆಅಡಿಕೆ ಸಂಚಿ ಹಿಡಿಯುತ್ತಿದ್ದ ಒಬ್ಬ ಹೊನ್ನಮ್ಮ ‘ಹದಿಬದೆಯ ಧರ್ಮ’ (ಹದಿಬದೆ ಅಂದರೆ ಪತಿವ್ರತೆ) ಅನ್ನುವ ಕಾವ್ಯ ಬರೆದಳು. ಹೆಣ್ಣು ಹೆಣ್ಣೆಂದು ಯಾಕೆ ಹೀಗಳೆಯುತ್ತೀರಿ, ನಿಮ್ಮನ್ನು ಹೆತ್ತವಳೂ ಹೆಣ್ಣಲ್ಲವೇ ಅಂತ ಅದರಲ್ಲಿ ಕೇಳಿದಳು. ಉಳಿದ ಪತಿವ್ರತೆಯ ಪಾಠ ನನಗೆ ಅಷ್ಟು ರುಚಿಸಲ್ಲ, ಅದು ಬೇರೆ ಮಾತು.

ಹಾಗಂತ ಹೊನ್ನಮ್ಮ ಅಂತಲೇ ಇಡಿ ಅನ್ನುತ್ತಿಲ್ಲ. ರೆಕಾರ್ಡಿನ ಹೆಸರು ಹೆತ್ತವರು ತೀರ್ಮಾನ ಮಾಡಬೇಕಾದದ್ದು. ಒಂದು ಹೆಸರು ತೊಟ್ಟಿಲಿಗೆ, ಒಂದು ಕಾಗದಕ್ಕೆ ಇರಲಿ. ಕಾಗದಕ್ಕೆ ಅವಸರವೂ ಇಲ್ಲ. ಜನನ ಪ್ರಮಾಣಪತ್ರಕ್ಕೆ ಹೆಸರು ಸೇರಿಸಲು ಒಂದು ವರ್ಷದವರೆಗೆ ಶುಲ್ಕವಿಲ್ಲ. ಆಮೇಲೆ ದಂಡ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಆದರೆ ಸ್ಪೆಲ್ಲಿಂಗ್ ಎರಡು ಸಲ ನೋಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಸ್ಕೂಲು, ಪಾಸ್‌ಪೋರ್ಟು ಎಲ್ಲಕ್ಕೂ ಹುಟ್ಟಿದ ದಿನದ ಪುರಾವೆ ಈ ಪ್ರಮಾಣಪತ್ರವೇ.

ಗಂಡನಿಗೆ ಹೇಳಿ, ಅದು ಅವರ ಅಜ್ಜಿಯ ಹೆಸರು. ಸುಮ್ನೆ ಕೂರುವ ಹಾಗಿಲ್ಲ.

ನನ್ನನ್ನು ಕಾಡಿದ್ದು ಇನ್ನೊಂದು. ಆ ಕಾಲದ ಎಷ್ಟೋ ಮನೆಗಳಲ್ಲಿ ಸೊಸೆ ಅತ್ತೆಯ ಹೆಸರನ್ನು ಬಾಯಲ್ಲಿ ಹೇಳುವಂತಿರಲಿಲ್ಲ. ಅಂಥ ಹೆಸರನ್ನು ದಿನಕ್ಕೆ ಹತ್ತು ಸಲ ಕರೆಯಬೇಕು ಅಂತ ನಿಮ್ಮ ಅತ್ತೆಗೆ ಆಸೆಯಾಗಿದೆ. ನಾಮಕರಣಕ್ಕೆ ಮುಂಚೆ ಒಂದು ಸಂಜೆ, ಮಗು ಮಲಗಿದಾಗ, ಪಕ್ಕದಲ್ಲಿ ಕೂತು ಕೇಳಿ: ಆ ಹೊನ್ನಮ್ಮ ನಿಮ್ಮನ್ನು ಹೇಗೆ ನೋಡ್ಕೊಂಡಿದ್ರು ಅತ್ತೆ?