ಅಮ್ಮನ ನೀರಿಗೆ ಮದ್ದು ಬೆರೆಸಬೇಡಿ

ಪ್ರಿಯ ಲೇಖಕರಿಗೆ,

ನಮಸ್ಕಾರ. ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ನೀವು ಕಳುಹಿಸಿದ ‘ಕೋಟೆಯೊಳಗೆ’ ನೀಳ್ಗತೆಯನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲಾಗದು. ಒಂದು ಸಾಲಿನ ವಿಷಾದಪತ್ರ ಇಟ್ಟು ಹಿಂತಿರುಗಿಸುವಂಥ ಕತೆಯೂ ಅದಲ್ಲವಾದ್ದರಿಂದ ಕಾರಣಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತಿದ್ದೇನೆ.

ಮಹಾವ್ಯಾಧಿಯೊಂದರ ನಂತರ ತನ್ನ ಸುತ್ತ ಗೋಡೆ ಕಟ್ಟಿಕೊಂಡ ನಗರ ನಿಮ್ಮ ಕತೆಯ ಆವರಣ. ಅಲ್ಲಿ ಪ್ರತಿಯೊಬ್ಬರ ಮಣಿಕಟ್ಟಿಗೂ ಒಂದು ಪಟ್ಟಿ. ಯಾರು ಏನು ಓದಬೇಕು, ಯಾರನ್ನು ಮದುವೆಯಾಗಬೇಕು, ಎಷ್ಟು ಹೊತ್ತಿಗೆ ಮನೆ ಸೇರಬೇಕು ಎಂಬುದನ್ನೆಲ್ಲ ‘ಮಂಡಳಿ’ಯೇ ನಿರ್ಧರಿಸುತ್ತದೆ. ಹಸಿವು, ಕಳವು, ರೋಗ ಯಾವುದೂ ಇಲ್ಲ. ಏರನ್ ಎಂಬ ಯುವಕ ಗೋಡೆ ದಾಟಬೇಕೆನ್ನುತ್ತಾನೆ, ಅವನ ತಾಯಿ ತಾನು ಬರಲಾರೆನೆನ್ನುತ್ತಾಳೆ.

ಆ ತಾಯಿಯ ಪ್ರಸಂಗದಲ್ಲಿಯೇ ನಿಮ್ಮ ಕತೆಯ ಜೀವವಿದೆ. ನಡುರಾತ್ರಿ ಮಗನ ಜ್ವರ ಏರಿದ್ದನ್ನು ಪಟ್ಟಿಯೇ ತಿಳಿಸಿ, ತಾನು ಕಣ್ಣು ಬಿಡುವ ಮೊದಲೇ ವೈದ್ಯರು ಬಾಗಿಲಿಗೆ ಬಂದು ನಿಂತಿದ್ದುದನ್ನು ಅವಳು ನೆನೆಯುತ್ತಾಳೆ; ಗೋಡೆಯಿಲ್ಲದ ಕಾಲದಲ್ಲಿ ಚೊಚ್ಚಲ ಮಗುವನ್ನು ಕಳೆದುಕೊಂಡದ್ದನ್ನು ಹೇಳಿ, “ನಿನಗೆ ನಿನ್ನ ದಾರಿ ಬೇಕು, ನನಗೆ ನೀನು ಬೇಕು” ಎನ್ನುತ್ತಾಳೆ. ಇದನ್ನು ಓದುತ್ತಿದ್ದಾಗ ನನ್ನ ಮನಸ್ಸು ಮಂಡಳಿಯ ಕಡೆಗೇ ವಾಲಿತ್ತು, ಮತ್ತು ಹಾಗೆ ವಾಲಿದ್ದಕ್ಕೆ ನನಗೇ ಕಸಿವಿಸಿಯಾಗುತ್ತಿತ್ತು. ಇಂಥ ಕತೆ ಓದುಗನಿಗೆ ಕೊಡಬೇಕಾದದ್ದು ಆ ಕಸಿವಿಸಿಯನ್ನೇ. ಆದರೆ ಕೆಲವೇ ಪುಟಗಳಾಚೆ, ನಗರದ ಕುಡಿಯುವ ನೀರಿಗೆ ಬುದ್ಧಿ ಮಂಕಾಗಿಸುವ ಮದ್ದನ್ನು ಬೆರೆಸಲಾಗಿದೆಯೆಂದೂ ಹೊರಗಿನ ರೋಗ ಬರೀ ಸುಳ್ಳೆಂದೂ ಬಯಲಾಗುತ್ತದೆ. ಅಲ್ಲಿಗೆ ಕತೆ ಸತ್ತಿತು. ತಾಯಿಯ ಮಾತಿಗೆ ಮಗ ಉತ್ತರ ಹುಡುಕಬೇಕಿತ್ತು. ಅವಳು ಅಮಲಿನಲ್ಲಿದ್ದಳೆಂದು ಹೇಳಿ ನೀವು ಅವನನ್ನು ಆ ಕಷ್ಟದಿಂದ ಪಾರು ಮಾಡಿಬಿಟ್ಟಿರಿ. ರಕ್ಷಣೆಯೇ ಸುಳ್ಳಾದರೆ ಅದನ್ನು ತೊರೆಯುವವನು ಕಳೆದುಕೊಳ್ಳುವುದಾದರೂ ಏನು?

ಕರ್ನಾಟಕ–ಕೇರಳ ಗಡಿಯಲ್ಲಿ ಬೆಳೆದ ನೀವು ಈ ಸುಲಭದ ದಾರಿ ಹಿಡಿದದ್ದು ನನಗೆ ಆಶ್ಚರ್ಯ. 2020ರ ಮಾರ್ಚ್‌ನಲ್ಲಿ ಕರ್ನಾಟಕವು ತಲಪಾಡಿಯಲ್ಲಿ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಆಗ ದೇಶದಲ್ಲೇ ಹೆಚ್ಚು ಕೊರೊನಾ ಪ್ರಕರಣಗಳಿದ್ದ ಜಿಲ್ಲೆಗಳಲ್ಲಿ ಕಾಸರಗೋಡೂ ಒಂದಾಗಿದ್ದುದರಿಂದ ಮಣ್ಣು ಸುರಿದವರ ಭಯ ಕಟ್ಟುಕತೆಯಾಗಿರಲಿಲ್ಲ. ಚಿಕಿತ್ಸೆಗೆ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿದ್ದ ಮಂಜೇಶ್ವರ, ಉಪ್ಪಳದ ಕಡೆಯ ರೋಗಿಗಳ ಸಂಕಟವೂ ಕಟ್ಟುಕತೆಯಾಗಿರಲಿಲ್ಲ; ದಾರಿ ಸಿಗದೆ ಪ್ರಾಣ ಬಿಟ್ಟವರಿದ್ದಾರೆ. ತಡೆಗಳನ್ನು ತೆರವುಗೊಳಿಸುವಂತೆ ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ಕೇಂದ್ರಕ್ಕೆ ಸೂಚಿಸಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಗಡಿಯ ಆಚೆಗೂ ಈಚೆಗೂ ನೆಂಟರೇ ಇದ್ದರು. ಒಬ್ಬರು ಮುಚ್ಚಿದ್ದು ಸರಿಯೆಂದರು, ಇನ್ನೊಬ್ಬರು ಆಂಬುಲೆನ್ಸಿನಲ್ಲಿ ಕಾದರು. ನಿಮ್ಮ ಮಂಡಳಿಯ ಅಧ್ಯಕ್ಷ ಪುಟಗಟ್ಟಲೆ ಅಟ್ಟಹಾಸದ ಭಾಷಣ ಮಾಡುವ ಬದಲು, ತನ್ನ ಮಕ್ಕಳಿಗಾಗಿ ಪ್ರಾಮಾಣಿಕವಾಗಿ ಹೆದರಿ ರಸ್ತೆಗೆ ಮಣ್ಣು ಸುರಿಸಿದವನಾಗಿದ್ದರೆ ಅವನನ್ನು ದ್ವೇಷಿಸುವುದು ಎಷ್ಟು ಕಷ್ಟವಾಗುತ್ತಿತ್ತು ಎಂದು ಯೋಚಿಸಿ.

ಇನ್ನು ಏರನ್‌ನ ವಾದ. “ಆಯ್ಕೆಯಿಲ್ಲದ ಬದುಕು ಬದುಕಲ್ಲ” ಎಂದು ಅವನು ಹೇಳುತ್ತಲೇ ಇರುತ್ತಾನೆ. ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸುವ ಆ ಮಾತು ತಾಯಿಯ ಎದುರು ನಿಲ್ಲುವುದಿಲ್ಲ. ಅವನಿಗೆ ಬೇಕಾದ ನೆಲವೂ ಈ ಜಿಲ್ಲೆಯಲ್ಲೇ ಇದೆ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ಉದ್ದೇಶ ಬೆಳೆಯ ರಕ್ಷಣೆ. ಅಪಾಯವಿಲ್ಲವೆಂದು ಭರವಸೆ ಕೊಟ್ಟವರು ಎಣ್ಮಕಜೆ ಊರಿನ ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿ), ತೋಡುಗಳ ನೀರು ಕುಡಿಯುವವರಾಗಿರಲಿಲ್ಲ. ಕುಡಿಯುವವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಸುಪ್ರೀಂ ಕೋರ್ಟ್ ಅದನ್ನು ದೇಶಾದ್ಯಂತ ನಿಷೇಧಿಸಿದ್ದು 2011ರಲ್ಲಿ. ನೀವು ಗುಟ್ಟಾಗಿ ಬೆರೆಸಿದ ಮದ್ದಿಗಿಂತ ಇದು ಹೆಚ್ಚು ಭಯಾನಕ, ಏಕೆಂದರೆ ಇದು ಹಾಡಹಗಲಲ್ಲಿ, ಒಳ್ಳೆಯದಕ್ಕೆಂಬ ನಂಬಿಕೆಯಲ್ಲೇ ಆಕಾಶದಿಂದ ಬಿದ್ದದ್ದು. ಅಪಾಯ ಎಷ್ಟೆಂದು ಅಳೆಯುವವನು ಒಬ್ಬ, ಅದನ್ನು ಉಣ್ಣುವವನು ಇನ್ನೊಬ್ಬ ಆದಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಏರನ್ ತಾಯಿಯ ಮುಂದಿಡಲಿ. ಅವಳ ಬಳಿ ಅದಕ್ಕೆ ಸಿದ್ಧ ಉತ್ತರವಿರಲಾರದು. ಅವಳ ಚೊಚ್ಚಲ ಮಗುವಿನ ವಿಷಯದಲ್ಲಿ ಅವನಿಗೂ ಇರಲಾರದು.

ಗೋಡೆಯ ಬಗ್ಗೆ ಒಂದು ಮಾತು. 1961ರ ಆಗಸ್ಟ್ 13ರಂದು ಬರ್ಲಿನ್‌ನಲ್ಲಿ ಗಡಿ ಮುಚ್ಚಿದ ಪೂರ್ವ ಜರ್ಮನಿಯ ಸರ್ಕಾರ, ತಾನು ಕಟ್ಟಿದ ಗೋಡೆ ಹೊರಗಿನ ಫ್ಯಾಸಿಸ್ಟರಿಂದ ಜನರನ್ನು ರಕ್ಷಿಸಲೆಂದು ಸಾರಿತು. ಕಾವಲಿನವರ ಗುಂಡಿಗೆ ಬಲಿಯಾದವರಲ್ಲಿ ಹೆಚ್ಚಿನವರು ಮಾತ್ರ ಒಳಗಿನಿಂದ ಓಡಿಹೋಗಲು ಯತ್ನಿಸಿದವರು. ನಿಮ್ಮ ಕತೆಯ ಆರಂಭದಲ್ಲಿ ಕಾವಲುಗಾರರು ಹೊರಗೆ ನೋಡುತ್ತಿರುತ್ತಾರೆ, ಕೊನೆಯ ಹೊತ್ತಿಗೆ ಒಳಗೆ. ಇದು ಕೈತಪ್ಪಿ ಬಂದದ್ದೆಂದು ತೋರುತ್ತದೆ. ಬೇಕೆಂದೇ ಮಾಡಿ, ಕುರ್ಚಿಯನ್ನು ಈಚೆ ತಿರುಗಿಸಿಕೊಳ್ಳಲು ಆದೇಶ ಬಂದ ದಿನವನ್ನು ಒಬ್ಬ ಕಾವಲುಗಾರನ ಬಾಯಿಂದ ಹೇಳಿಸಿ.

ಏರನ್, ಲೈರಾ ಎಂಬ ಹೆಸರುಗಳು ಯಾವ ಊರಿನವೆಂದು ತಿಳಿಯಲಿಲ್ಲ. ಮಂಡಳಿಯ ಆದೇಶಗಳು ಯಾವ ಭಾಷೆಯಲ್ಲಿ ಬರುತ್ತವೆ ಎಂಬುದನ್ನೂ ನೀವು ಹೇಳಿಲ್ಲ. ಕಾಸರಗೋಡಿನ ಕನ್ನಡ ಓದುಗರು ಮೊದಲು ಕೇಳುವುದು ಅದನ್ನೇ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಅವರಿಗೆ ಅದನ್ನು ಕೇಳಿ ಅಭ್ಯಾಸವಾಗಿದೆ.

ಗೋಡೆಯಾಚೆಯ ಹಸಿರು ಕಣಿವೆಯ ಅಧ್ಯಾಯವನ್ನು ಪೂರ್ತಿ ತೆಗೆಯಿರಿ. ಏರನ್ ಹೋಗುವನೋ ಉಳಿಯುವನೋ ಎಂಬುದನ್ನು ನಿಮಗೇ ಬಿಟ್ಟಿದ್ದೇನೆ. ಹೋಗುವುದಾದರೆ ಹೊರಗೆ ರೋಗ ನಿಜವಾಗಿಯೂ ಇರಲಿ, ತಾಯಿ ಎಲ್ಲವನ್ನೂ ತಿಳಿದೇ ಒಳಗೆ ಉಳಿಯಲಿ. ತಿದ್ದಿದ ಪ್ರತಿಯನ್ನು ದೀಪಾವಳಿ ವಿಶೇಷಾಂಕದ ಕೆಲಸ ಆರಂಭವಾಗುವ ಮುನ್ನ ಕಳುಹಿಸಿದರೆ ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ