ನಮ್ಮ ತಮಾಷೆಯ ಸುದ್ದಿ ಕಳಿಸೋದು ನಿಲ್ಲಿಸಬೇಕಾ?

ಪ್ರಶ್ನೆ: ನಾನು ಹಾಸನದವಳು. ಮದುವೆಯಾಗಿ ಗಂಡನ ಜೊತೆ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಬಂದು ನಾಲ್ಕು ವರ್ಷ ಆಯಿತು. ಇಬ್ಬರೂ ಕೆಲಸದಲ್ಲಿದ್ದೇವೆ. ಬಂದ ಹೊಸದರಲ್ಲೇ ಒಂದು ಅಭ್ಯಾಸ ಶುರುವಾಯಿತು. ಪ್ರತಿ ಭಾನುವಾರ ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ‘ವಾರದ ಸಮಾಚಾರ’ ಅಂತ ಐದಾರು ನಿಮಿಷದ ವಾಯ್ಸ್ ಮೆಸೇಜ್ ಕಳಿಸುತ್ತೇನೆ. ಬರೀ ತಮಾಷೆಯ ಸುದ್ದಿ. ಎದುರುಗಾಳಿಗೆ ಇವರ ಸೈಕಲ್ ಮುಂದೆ ಹೋಗದೆ ನಿಂತಲ್ಲೇ ನಿಂತಿದ್ದು. ಪಕ್ಕದ ಮನೆಯ ಹುಟ್ಟುಹಬ್ಬಕ್ಕೆ ಹೋದರೆ ಅಲ್ಲಿದ್ದ ಅಮ್ಮ, ಅತ್ತೆ, ತಮ್ಮ ಎಲ್ಲರಿಗೂ ಕೈಕುಲುಕಿ ಶುಭಾಶಯ ಹೇಳಬೇಕಾಗಿ ಬಂದಿದ್ದು. ಅವರ ಮನೆಯ ಟಾಯ್ಲೆಟ್ ಗೋಡೆ ಮೇಲೆ ನೆಂಟರ ಹುಟ್ಟುಹಬ್ಬದ ಕ್ಯಾಲೆಂಡರ್ ತೂಗುಹಾಕಿದ್ದು. ಏಪ್ರಿಲ್ 27ಕ್ಕೆ ರಾಜನ ಹುಟ್ಟುಹಬ್ಬದ ದಿನ ಎಲ್ಲರ ಹಾಗೆ ನಾವೂ ಬೀದಿಯಲ್ಲಿ ಚಾದರ ಹಾಸಿ, ಹಳೇ ಸಾಮಾನಿನ ಜೊತೆ ಚಕ್ಕುಲಿ ಮಾರಿದ್ದು. ಗ್ರೂಪಿನಲ್ಲಿ ಅಪ್ಪ, ಅಮ್ಮ, ತಂಗಿ, ನಮ್ಮತ್ತೆ ಮಾವ, ನಾದಿನಿ, ಚಿಕ್ಕಮ್ಮಂದಿರು ಎಲ್ಲ ಇದ್ದಾರೆ. ಎಲ್ಲರೂ ಕಾಯುತ್ತಾರೆ.

ಹೋದ ತಿಂಗಳು ವಿಡಿಯೊ ಕಾಲ್ ಮಾಡಿದಾಗ ಅಪ್ಪ ಶಾಲು ಹೊದ್ದು ಕೂತಿದ್ದರು. ಶಾಲು ಜಾರಿದಾಗ ಬಲಗೈ ಮಣಿಕಟ್ಟು ಊದಿಕೊಂಡು, ಚರ್ಮ ಸುಲಿದ ಹಾಗೆ ಕಂಡಿತು. ಕೇಳಿದರೆ ಮಾತು ಹಾರಿಸಿದರು. ತಂಗಿಗೆ ಜೋರು ಮಾಡಿದ ಮೇಲೆ ಗೊತ್ತಾಯಿತು: ನವೆಂಬರ್‌ನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಮೂಳೆ ಮುರಿದಿತ್ತಂತೆ, ಆರು ವಾರ ಪ್ಲಾಸ್ಟರ್ ಇತ್ತಂತೆ. ಅಷ್ಟೂ ದಿನ ಅವರು ಎಡಗೈಯಲ್ಲಿ ಫೋನ್ ಹಿಡಿದು, ಮುಖ ಮಾತ್ರ ಕಾಣೋ ಹಾಗೆ ಮಾತಾಡಿದ್ದಾರೆ. ತಂಗಿ ಹೇಳಿದಳು, “ಅಕ್ಕ, ನಿನ್ನ ಮೆಸೇಜ್ ಅಪ್ಪ ಮೂರು ಮೂರು ಸಲ ಹಾಕಿಸಿಕೊಂಡು ನಗ್ತಿದ್ರು. ಅಲ್ಲಿ ಅವರಿಬ್ಬರೂ ಖುಷಿಯಾಗಿದ್ದಾರೆ, ಅಕ್ಕನಿಗೆ ಹೇಳಬೇಡ ಅಂತ ಅಮ್ಮ ಆಣೆ ಹಾಕಿಸಿಕೊಂಡ್ರು.”

ಎರಡು ದಿನ ಅಳುತ್ತಲೇ ಇದ್ದೆ. ಟಿಕೆಟ್ ಬುಕ್ ಮಾಡಲು ಹೊರಟೆ, ಇವರು ತಡೆದರು. ಇನ್ನು ಈ ತಮಾಷೆಯೆಲ್ಲ ಸಾಕು, ನಿಲ್ಲಿಸು ಅಂತಾರೆ ಇವರು. ಮೂರು ಭಾನುವಾರದಿಂದ ಏನೂ ಕಳಿಸಿಲ್ಲ. “ಯಾಕೆ ಸುದ್ದಿ ಇಲ್ಲ?” ಅಂತ ಅತ್ತೆ ಕೇಳುತ್ತಿದ್ದಾರೆ. ನಿಜ ಹೇಳಬೇಕು ಅಂದರೆ ಈ ಚಳಿಗಾಲ ನಂಗೂ ಚೆನ್ನಾಗಿರಲಿಲ್ಲ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಎದ್ದೇಳೋಕೇ ಆಗುತ್ತಿರಲಿಲ್ಲ, ಸಂಜೆ ಕತ್ತಲಾದರೆ ಅಳು ಬರುತ್ತಿತ್ತು. ಅದನ್ನು ಯಾರಿಗೂ ಹೇಳಿಲ್ಲ. ಏನು ಮಾಡಲಿ?

- ಹೆಸರು ಬೇಡ, ಐಂಡ್‌ಹೋವನ್

ಉತ್ತರ: ನಿಲ್ಲಿಸಬೇಡಿ. ಈ ಭಾನುವಾರವೇ ಕಳಿಸಿ.

ಕೈ ಪ್ಲಾಸ್ಟರ್‌ನಲ್ಲಿದ್ದಾಗ ನಿಮ್ಮ ತಂದೆಗೆ ಅಂಗಿ ಗುಂಡಿ ಹಾಕಿಕೊಳ್ಳೋಕೆ ಆಗಿರಲ್ಲ, ಊಟ ಕಲಸಿಕೊಳ್ಳೋಕೆ ಆಗಿರಲ್ಲ. ಆ ಆರು ವಾರದಲ್ಲಿ ಅವರು ಮೂರು ಸಲ ಹಾಕಿಸಿಕೊಂಡು ಕೇಳಿದ್ದು ನಿಮ್ಮ ದನಿ. ಅಳಿಯ ಗಾಳಿಗೆ ಸೈಕಲ್ ಹಿಡಿದು ಒದ್ದಾಡಿದ್ದು, ಮಗಳು ಪಕ್ಕದ ಮನೆಯಲ್ಲಿ ಎಲ್ಲರ ಕೈಕುಲುಕಿದ್ದು ಅವರಿಗೆ ಔಷಧಿಯ ಜೊತೆಗೆ ಸಿಕ್ಕ ಒಳ್ಳೆಯ ಹೊತ್ತು. ಅದರಲ್ಲಿ ನಿಮ್ಮ ತಪ್ಪು ಒಂದೂ ಇಲ್ಲ. ನೀವು ನಕ್ಕಿದ್ದಕ್ಕೆ ಅವರು ಮುಚ್ಚಿಟ್ಟರು ಅಂತ ತಂಗಿ ಮಾತಿನಿಂದ ನಿಮಗೆ ಅನಿಸಿದೆ. ನನಗೆ ಕಾರಣ ಬೇರೆ ಕಡೆ ಕಾಣಿಸುತ್ತಿದೆ.

ಆ ಗ್ರೂಪಿನಲ್ಲಿ ಯಾರ್ಯಾರಿದ್ದಾರೆ ಅಂತ ನೀವೇ ಬರೆದಿದ್ದೀರಿ. ಅತ್ತೆ, ಮಾವ, ನಾದಿನಿ. ನಿಮ್ಮ ತಾಯಿಯ ಪಾಲಿಗೆ ಅವರು ಬೀಗರು. ಹೆಣ್ಣು ಕೊಟ್ಟವರು ಬೀಗರ ಎದುರು ತಮ್ಮ ಮನೆಯ ತಾಪತ್ರಯ ಹೇಳಿಕೊಳ್ಳೋದು ನಮ್ಮ ಕಡೆ ಇವತ್ತಿಗೂ ಸುಲಭ ಅಲ್ಲ. ಎಷ್ಟೇ ಒಳ್ಳೆಯ ಬೀಗರಾಗಿರಲಿ, ಅಮ್ಮಂದಿರಿಗೆ ಒಂದು ಹಿಂಜರಿಕೆ ಇದ್ದೇ ಇರುತ್ತದೆ. “ಇವರು ಬಚ್ಚಲಲ್ಲಿ ಬಿದ್ದರು” ಅಂತ ಅವರು ಅಲ್ಲಿ ಹೇಗೆ ಹಾಕುತ್ತಾರೆ? ಚಿಕ್ಕಮ್ಮಂದಿರು ಒಬ್ಬೊಬ್ಬರಾಗಿ ಫೋನ್ ಮಾಡುತ್ತಾರೆ, ಬೀಗರು ಹಣ್ಣು ಹಿಡಿದು ನೋಡೋಕೆ ಬರುತ್ತಾರೆ, ಬಂದವರಿಗೆ ಕಾಫಿ ತಿಂಡಿ ಆಗಬೇಕು. ಗಂಡನಿಗೆ ಊಟ ಮಾಡಿಸಿ, ಸ್ನಾನ ಮಾಡಿಸಿ ಸುಸ್ತಾದ ಹೆಂಗಸಿಗೆ ಅದೆಲ್ಲ ಬೇಡ ಅನಿಸಿದ್ದು ಸಹಜ ಅಲ್ವಾ?

ಸರಿ, ಗ್ರೂಪಿನಲ್ಲಿ ಬೇಡ. ನಿಮ್ಮೊಬ್ಬರಿಗೆ ಹೇಳಬಹುದಿತ್ತು. ಅದೂ ಯಾಕೆ ಆಗಲಿಲ್ಲ? ವಿಷಯ ಗೊತ್ತಾದ ಮೇಲೆ ನೀವು ಏನು ಮಾಡಿದಿರಿ ಅಂತ ನೋಡಿಕೊಳ್ಳಿ. ಎರಡು ದಿನ ಅತ್ತಿರಿ, ಟಿಕೆಟ್ ಬುಕ್ ಮಾಡಲು ಹೊರಟಿರಿ. ತಪ್ಪು ಅಂತ ಹೇಳುತ್ತಿಲ್ಲ. ಮಗಳಾದವಳಿಗೆ ಹಾಗೇ ಆಗುತ್ತದೆ. ಆದರೆ ಅಮ್ಮ ಇದನ್ನು ಮೊದಲೇ ಊಹಿಸಿದ್ದರು. ಮನೆಯಲ್ಲಿ ಕೈ ಮುರಿದ ಗಂಡ, ದೂರದಲ್ಲಿ ನಿದ್ದೆಗೆಟ್ಟು ಅಳುವ ಮಗಳು. ಇಬ್ಬರನ್ನೂ ಸಮಾಧಾನ ಮಾಡೋ ಶಕ್ತಿ ಇಲ್ಲದೆ ಒಂದನ್ನು ಮುಂದಕ್ಕೆ ಹಾಕಿದರು. ವಿದೇಶದಲ್ಲಿರುವ ಮಕ್ಕಳ ಎಷ್ಟೋ ಅಪ್ಪ ಅಮ್ಮ ಹೀಗೇ ಮಾಡುತ್ತಾರೆ. ಮಕ್ಕಳಿಗೆ ಬೇಜಾರಾಗದಿರಲಿ ಅನ್ನೋದು ಒಂದು ಕಾರಣ. ಮಕ್ಕಳ ಗಾಬರಿಯನ್ನು ಸಂಭಾಳಿಸೋದು ತಮಗೆ ಇನ್ನೊಂದು ಕೆಲಸ ಅನ್ನೋದು ಬಾಯಿಬಿಟ್ಟು ಹೇಳದ ಕಾರಣ.

ಹಾಗಾಗಿ ಅಮ್ಮನ ಹತ್ತಿರ “ಯಾಕೆ ಮುಚ್ಚಿಟ್ಟೆ?” ಅಂತ ಜಗಳ ತೆಗೆಯಬೇಡಿ. ಅದರ ಬದಲು ಒಂದು ಮಾತು ಕೊಡಿ. “ಅಮ್ಮ, ಏನೇ ಆದರೂ ನಂಗೆ ಹೇಳು. ಕೇಳಿದ ತಕ್ಷಣ ಓಡಿ ಬರಲ್ಲ, ದಿನಕ್ಕೆ ಹತ್ತು ಸಲ ಫೋನ್ ಮಾಡಲ್ಲ. ಬಾ ಅಂದರೆ ಬರ್ತೀನಿ.” ಆಮೇಲೆ ನಿಮ್ಮ ಕಡೆಯಿಂದ ಒಂದೇ ಒಂದು ಷರತ್ತು ಇಡಿ: ಇಬ್ಬರಲ್ಲಿ ಯಾರೇ ಆಸ್ಪತ್ರೆ ಮೆಟ್ಟಿಲು ಹತ್ತಿದರೂ ಅದೇ ದಿನ ನಿಮಗೆ ತಿಳಿಯಬೇಕು. ಮಾಮೂಲಿ ಬಿಪಿ ಚೆಕಪ್ ಆಗಿದ್ದರೂ ಸರಿ. ಅಮ್ಮ ಒಪ್ಪುತ್ತಾರೆ. ಒಪ್ಪಿದ ಮೇಲೆ ನಿಮ್ಮ ಮಾತನ್ನು ನೀವು ಉಳಿಸಿಕೊಳ್ಳಬೇಕು. ಮೊದಲ ಸಲ ಏನಾದರೂ ಹೇಳಿದಾಗ ನೀವು ಅತ್ತುಬಿಟ್ಟರೆ ಎರಡನೇ ಸಲ ಹೇಳಲ್ಲ.

ನಮ್ಮಲ್ಲಿ ಇನ್‌ಲ್ಯಾಂಡ್ ಲೆಟರ್ ಬರೆಯುತ್ತಿದ್ದ ಕಾಲದಲ್ಲಿ “ಇತ್ತ ನಾವು ಕ್ಷೇಮ, ಅತ್ತ ನಿಮ್ಮ ಕ್ಷೇಮ ಸಮಾಚಾರಕ್ಕೆ ಬರೆಯುವುದು” ಅಂತ ಶುರುವಾಗುತ್ತಿತ್ತು. ಅದರ ಕೆಳಗೇ ಅಜ್ಜಿಗೆ ದಮ್ಮು ಜಾಸ್ತಿಯಾಗಿದೆ, ಎಮ್ಮೆ ಕರು ಹಾಕಿತು, ಈ ಸಲ ಶುಂಠಿಗೆ ಕೊಳೆರೋಗ ಬಂತು, ಪಕ್ಕದ ಮನೆ ಹುಡುಗಿ ಮದುವೆ ನಿಶ್ಚಯವಾಯಿತು, ಎಲ್ಲ ಒಂದೇ ಉಸಿರಿಗೆ ಬರುತ್ತಿತ್ತು. ಮಡಿಚುವ ಅಂಚಿನವರೆಗೂ ಸಣ್ಣಕ್ಷರದಲ್ಲಿ ತುಂಬಿಸಿರುತ್ತಿದ್ದರು. ಓದಿದವರು ಒಂದು ಸಾಲಿಗೆ ನಕ್ಕು ಇನ್ನೊಂದಕ್ಕೆ ಸಪ್ಪಗಾಗುತ್ತಿದ್ದರು. ಆ ಕಾಗದ ಒಬ್ಬರಿಗೆ ಬರುತ್ತಿತ್ತು, ಒಂದೇ ಮನೆಗೆ ಬರುತ್ತಿತ್ತು. ನಿಮ್ಮ ವಾರದ ಸಮಾಚಾರ ಹತ್ತು ಹನ್ನೆರಡು ಜನಕ್ಕೆ ಒಟ್ಟಿಗೆ ಹೋಗುತ್ತದೆ. ಅಷ್ಟು ಜನರ ಮುಂದೆ ನೀವು ನಗುವನ್ನಷ್ಟೇ ಆರಿಸಿಕೊಂಡಿದ್ದು ಸರಿಯಾಗಿದೆ. ಕಷ್ಟ ಹೇಳಿಕೊಳ್ಳೋಕೆ ಇನ್ನೊಂದು ದಾರಿ ಇಲ್ಲದೆ ಹೋಗಿದ್ದೇ ತೊಂದರೆ. ಆ ದಾರಿ ಈಗ ಮಾಡಿಕೊಳ್ಳಿ.

ಅದಕ್ಕೆ ಮೊದಲು ನೀವು ಬಾಯಿ ಬಿಡಬೇಕು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಹತ್ತಿಸಿದ್ದು ಕೊನೆಯ ಆ ನಾಲ್ಕು ಸಾಲು. ಎದ್ದೇಳೋಕೆ ಆಗುತ್ತಿರಲಿಲ್ಲ, ಸಂಜೆ ಅಳು ಬರುತ್ತಿತ್ತು, ಯಾರಿಗೂ ಹೇಳಿಲ್ಲ. ಅದನ್ನು ಅಷ್ಟು ಚಿಕ್ಕದಾಗಿ ಬರೆದು ಮುಗಿಸಿದ್ದೀರಿ. ಡಿಸೆಂಬರ್ ಕೊನೆಯಲ್ಲಿ ನಿಮ್ಮೂರಲ್ಲಿ ಸೂರ್ಯ ಹುಟ್ಟೋದು ಬೆಳಿಗ್ಗೆ ಎಂಟೂಮುಕ್ಕಾಲಿನ ಸುಮಾರಿಗೆ, ಸಂಜೆ ನಾಲ್ಕೂವರೆಗೆಲ್ಲ ಮುಳುಗಿಯೂ ಆಯಿತು. ಮೋಡ ಇದ್ದರೆ ಆ ಹೊತ್ತೂ ಮಬ್ಬು. ವರ್ಷವಿಡೀ ಬಿಸಿಲು ಕಂಡು ಬೆಳೆದ ಮೈಗೆ ಇದು ಸಣ್ಣ ವಿಷಯ ಅಲ್ಲ. ಬೆಳಕು ಕಮ್ಮಿಯಾದಾಗ ಬರುವ ಖಿನ್ನತೆಯನ್ನು ವೈದ್ಯರು ಕಾಯಿಲೆ ಅಂತಲೇ ಪರಿಗಣಿಸುತ್ತಾರೆ, ಅದಕ್ಕೆ ಚಿಕಿತ್ಸೆ ಇದೆ. ನಿಮ್ಮ ಮನೆ ಹತ್ತಿರದ ಕುಟುಂಬ ವೈದ್ಯರ, ಅಂದರೆ ಹಾಯ್ಸ್‌ಆರ್ಟ್ಸ್‌ನ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಅಲ್ಲಿ ಯಾವ ತಜ್ಞರನ್ನು ನೋಡಬೇಕಾದರೂ ಮೊದಲು ಆ ಕುಟುಂಬ ವೈದ್ಯರ ಹತ್ತಿರವೇ ಹೋಗಬೇಕು ಅಂತ ನಿಮಗೆ ಗೊತ್ತೇ ಇದೆ. ಎಷ್ಟು ವಾರದಿಂದ ಹೀಗಾಗುತ್ತಿದೆ, ನಿದ್ದೆ ಹೇಗಿದೆ, ಕೆಲಸ ಮಾಡೋಕೆ ಆಗುತ್ತಿದೆಯಾ, ಎಲ್ಲ ಬಿಡಿಸಿ ಹೇಳಿ. “ಸ್ವಲ್ಪ ಸುಸ್ತು” ಅಂದರೆ ಅವರು ವಿಶ್ರಾಂತಿ ತಗೊಳ್ಳಿ ಅಂತ ಕಳಿಸುವ ಸಾಧ್ಯತೆಯೇ ಜಾಸ್ತಿ. ವಿಟಮಿನ್ ಡಿ ಬಗ್ಗೆಯೂ ಕೇಳಿ. ನಮ್ಮ ಹಾಗೆ ಮೈಬಣ್ಣ ಕಪ್ಪಗಿರುವವರು ದಿನಾ 10 ಮೈಕ್ರೊಗ್ರಾಂ ತೆಗೆದುಕೊಳ್ಳಬೇಕು ಅಂತ ಅಲ್ಲಿನ ಆರೋಗ್ಯ ಮಂಡಳಿಯೇ ಸಲಹೆ ಕೊಟ್ಟಿದೆ. ಮಧ್ಯಾಹ್ನದ ಊಟದ ವಿರಾಮದಲ್ಲಿ, ಮಳೆ ಇಲ್ಲದಿದ್ದರೆ, ಅರ್ಧ ಗಂಟೆ ಹೊರಗೆ ನಡೆಯಿರಿ. ಈಗ ಹಗಲು ಉದ್ದವಾಗುತ್ತಿದೆ, ಮನಸ್ಸು ಹಗುರ ಆಗಿರಬಹುದು. ಆದರೂ ಹೋಗಿ ಬನ್ನಿ, ಮತ್ತೆ ಚಳಿಗಾಲ ಬಂದೇ ಬರುತ್ತದೆ.

ಮತ್ತೆ ಇದನ್ನು ಅಮ್ಮನಿಗೆ ಹೇಳಿ. ಹೇಗೆ ಅಂತೀರಾ? ಆದದ್ದು ಏನು, ಅದಕ್ಕೆ ಏನು ಮಾಡುತ್ತಿದ್ದೀನಿ, ಎರಡನ್ನೂ ಒಟ್ಟಿಗೆ ಹೇಳಿ. “ಅಮ್ಮ, ಚಳಿಗಾಲದಲ್ಲಿ ನಂಗೆ ತುಂಬಾ ಬೇಜಾರಾಗಿತ್ತು, ಅಳು ಬರ್ತಿತ್ತು. ಡಾಕ್ಟರ ಹತ್ತಿರ ಹೋಗ್ತಿದ್ದೀನಿ, ದಿನಾ ವಾಕಿಂಗ್ ಶುರು ಮಾಡಿದ್ದೀನಿ.” ಹೀಗೆ ಹೇಳಿದರೆ ಅಮ್ಮ ಗಾಬರಿಯಾಗುವುದು ಕಮ್ಮಿ. ತನ್ನದನ್ನೂ ಹೀಗೇ ಹೇಳಬಹುದು ಅಂತ ಅವರಿಗೂ ಧೈರ್ಯ ಬರುತ್ತದೆ. ನೀವು ನಾಲ್ಕು ವರ್ಷ ನಗುಮುಖವನ್ನೇ ತೋರಿಸಿದ್ದೀರಿ, ಅವರೂ ಅದನ್ನೇ ತೋರಿಸಿದರು. ಯಾರಾದರೂ ಒಬ್ಬರು ಮೊದಲು ಮಾಡಬೇಕು. ನೀವೇ ಮಾಡಿ.

ನಿಮ್ಮ ತಂಗಿ ಬಗ್ಗೆ ಹೇಳಲೇಬೇಕು. ಆಣೆ ಹಾಕಿಸಿಕೊಂಡ ಮೇಲೂ ಅಕ್ಕನ ಜೊತೆ ಎಂದಿನ ಹಾಗೆ ಮಾತಾಡಿಕೊಂಡು, ಅಪ್ಪನನ್ನು ಎಕ್ಸ್‌ರೇಗೆ ಕರೆದುಕೊಂಡು ಹೋಗಿ, ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದವಳು ಬಹುಶಃ ಅವಳೇ. ಅವಳಿಗೆ ಜೋರು ಮಾಡಿದ್ದೀರಿ. ಇವತ್ತೇ ಅವಳಿಗೆ ಬೇರೆಯಾಗಿ ಫೋನ್ ಮಾಡಿ ಕ್ಷಮೆ ಕೇಳಿ. ಆಮೇಲೆ ಸುಮ್ನೆ “ಏನಾದ್ರೂ ಬೇಕಾದ್ರೆ ಹೇಳು” ಅನ್ನಬೇಡಿ. ಹಾಗಂದರೆ ಯಾರೂ ಹೇಳಲ್ಲ. ಆಸ್ಪತ್ರೆಗೆ ಎಷ್ಟಾಯಿತು, ಯಾರು ಕೊಟ್ಟರು, ಎಷ್ಟು ದಿನ ರಜೆ ಹಾಕಿದೆ, ಫಿಸಿಯೊಥೆರಪಿಗೆ ಯಾರು ಕರೆದುಕೊಂಡು ಹೋಗುತ್ತಾರೆ ಅಂತ ಒಂದೊಂದಾಗಿ ಕೇಳಿ. ದುಡ್ಡು ಹಂಚಿಕೊಳ್ಳಿ. ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸೋದು, ನೆಲಕ್ಕೆ ಜಾರದ ಮ್ಯಾಟ್ ಹಾಕಿಸೋದು ಈ ವಾರವೇ ಆಗಬೇಕಾದ ಕೆಲಸ. ಅಲ್ಲಿಂದಲೇ ಪ್ಲಂಬರ್‌ಗೆ ಫೋನ್ ಮಾಡಿ, ದುಡ್ಡು ಕಳಿಸಿ ಮಾಡಿಸಬಹುದು. ನಿಮ್ಮಲ್ಲಿ ಪೂರ್ಣಾವಧಿ ಕೆಲಸಕ್ಕೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳದ ರಜೆ ಕಾನೂನಿನಲ್ಲೇ ಇದೆ. ಊರಿಗೆ ಯಾವಾಗ ಬರಬೇಕು ಅಂತ ಈ ಸಲ ತಂಗಿಯನ್ನು ಕೇಳಿ ತೀರ್ಮಾನ ಮಾಡಿ. ಮದುವೆ, ಗೃಹಪ್ರವೇಶ ನೋಡಿಕೊಂಡು ಬರುವ ಬದಲು ಅವಳಿಗೆ ಒಂದಷ್ಟು ದಿನ ಬಿಡುವು ಸಿಗೋ ಹಾಗೆ ಬನ್ನಿ.

ನಿಮ್ಮ ಗಂಡ ನಿಲ್ಲಿಸು ಅಂದಿದ್ದು ನೋವಿನಿಂದ. ಮಾವ ಬಿದ್ದಿದ್ದ ದಿನಗಳಲ್ಲಿ ನಾನು ಸೈಕಲ್ ತಮಾಷೆ ಆಗಿದ್ದೆನಲ್ಲ ಅಂತ ಅವರಿಗೆ ಚುಚ್ಚುತ್ತಿರಬೇಕು. ಮಾವ ಆ ಸುದ್ದಿಯನ್ನೇ ಕಾಯುತ್ತಿದ್ದರು ಅಂತ ತಂಗಿ ಹೇಳಿದ್ದನ್ನು ಅವರಿಗೆ ಇನ್ನೊಂದು ಸಲ ನಿಧಾನವಾಗಿ ಹೇಳಿ. ಎಲ್ಲಾ ಕಥೆಯಲ್ಲೂ ಪೇಚಿಗೆ ಸಿಕ್ಕಿಕೊಳ್ಳೋದು ಅವರೇ ಆಗಿರುವುದು ಅವರಿಗೆ ಇಷ್ಟವೋ ಇಲ್ಲವೋ, ಅದನ್ನೂ ಕೇಳಿ. ಒಂದು ವಾರ ಅವರೇ ಮೈಕ್ ಹಿಡಿಯಲಿ.

ಅತ್ತೆಯವರಿಗೆ ಏನು ಹೇಳೋದು ಅನ್ನೋದು ಅಮ್ಮನಿಗೆ ಬಿಟ್ಟ ವಿಷಯ. ಅಪ್ಪ ಬಿದ್ದ ಸುದ್ದಿಯನ್ನು ಅಮ್ಮನನ್ನು ಕೇಳದೆ ಗ್ರೂಪಿನಲ್ಲಿ ಹಾಕಬೇಡಿ. “ಎರಡು ಮೂರು ವಾರ ಮೈ ಹುಷಾರಿರಲಿಲ್ಲ ಅತ್ತೆ, ಈ ಭಾನುವಾರ ಕಳಿಸ್ತೀನಿ” ಅಂದರೆ ಸಾಕು. ಅದು ಸುಳ್ಳೂ ಅಲ್ಲ.

ಇನ್ನು ಅಪ್ಪ. ಅವರಿಗೆಂದೇ ವಾರಕ್ಕೊಂದು ಕಾಲ್ ಇಟ್ಟುಕೊಳ್ಳಿ, ನೀವಿಬ್ಬರೇ, ವಿಡಿಯೊ ಬೇಕಾಗಿಲ್ಲ. ಶನಿವಾರ ಸಂಜೆ ಆರೂವರೆ ಅವರಿಗೆ ಬಿಡುವಿನ ಹೊತ್ತಾದರೆ, ನಿಮಗೆ ಈಗ ಮಧ್ಯಾಹ್ನ ಎರಡು ಗಂಟೆ. ಬಿದ್ದಿದ್ದು ಹೇಗೆ ಅಂತ ಅವರ ಬಾಯಿಂದಲೇ ಪೂರ್ತಿ ಕೇಳಿ, ಮಧ್ಯೆ ಬುದ್ಧಿ ಹೇಳಬೇಡಿ. ಕೈ ವ್ಯಾಯಾಮ ಎಷ್ಟು ಮಾಡಿದರು, ಈ ವಾರ ಕಾಫಿ ಲೋಟ ಬಲಗೈಲಿ ಎತ್ತೋಕೆ ಆಯಿತಾ ಅಂತ ವಿಚಾರಿಸಿ. ಮಾರ್ಚ್ ಕೊನೆಯ ಭಾನುವಾರ ನಿಮ್ಮಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಅಲ್ಲಿಂದ ಅಪ್ಪನ ಆರೂವರೆ ಅಂದರೆ ನಿಮಗೆ ಮೂರು ಗಂಟೆ. ಫೋನಿನಲ್ಲಿ ಅಲಾರಂ ಅದಕ್ಕೆ ಸರಿಯಾಗಿ ಬದಲಿಸಿಕೊಳ್ಳಿ.